ಖಾಲಿ, ಸೊನ್ನೆ

ಶಿವಮೊಗ್ಗದ ಲ್ಯಾಬು. ಉಣುಗಿನ ಲೆಕ್ಕದ ಫೈಲು.
ಖಾಲಿ ಸಾಲು ಮುನ್ನೂರ ಹನ್ನೊಂದು;
ಹುಡುಕಿ ಅಳಿಸಿದೆ, ಒಂದೇ ಗುಂಡಿ.
ಫೈಲು ಸಣ್ಣಗಾಯಿತು, ಯಾರಿಗೂ ನೋವಿಲ್ಲ.

ಆಮೇಲೆ ಇದು:
ಕುಂಬ್ರಿಗದ್ದೆ, ಫೆಬ್ರವರಿ ಹತ್ತು, ,
ಎರಡು ಅಲ್ಪವಿರಾಮ, ನಡುವೆ ಏನೂ ಇಲ್ಲ.
"ಸೊನ್ನೆ ತುಂಬಿಬಿಡಿ" ಅಂದರು ಸಾಹೇಬರು.

ಹುಚ್ರಾಯಪ್ಪನಿಗೆ ಫೋನು ಹಚ್ಚಿದೆ.
"ಸೊನ್ನೆ ಅಂದ್ರೆ
ಬಿಳಿ ಬಟ್ಟೆ ತರಗೆಲೆ ಮೇಲೆ ಎಳೆದೆ, ಒಂದೂ ಹತ್ತಲಿಲ್ಲ ಅಂತ.
ಖಾಲಿ ಅಂದ್ರೆ ನಾ ಹೋಗೇ ಇಲ್ಲ ಮೇಡಂ,
ಆ ವಾರ ನಂಗೇ ಜ್ವರ."

ಗುಂಡಿಯ ಮೇಲೆ ಬೆರಳು ನಿಂತಿತು.
ಸೌದೆಗೆ ಹೊರಟ ಬರಿಗಾಲಿಗೆ
ನನ್ನ ಸೊನ್ನೆ ಧೈರ್ಯ ಹೇಳಬಾರದು.

'ನೋಡಿಲ್ಲ' ಎಂದು ತುಂಬಿದೆ, ನಲವತ್ತಾರು ಕಡೆ.
ಕೊನೆಯಲ್ಲೊಂದು ಖಾಲಿ ಸಾಲು ಹಾಗೇ ಬಿಟ್ಟೆ;
ಫೈಲು ಮುಗಿಯಲು
ಅದು ಬೇಕಂತೆ.