ರೆಕ್ಕೆಯ ಮೇಲಿನ ನಂಬರು

ಹತ್ತು ಅಂಕಿ. ಒಂದೊಂದು ಗರಿಗೆ ಎರಡೆರಡು,
ರಬ್ಬರ್ ಸ್ಟಾಂಪಿನ ನೇರಳೆ ಮಸಿಯಲ್ಲಿ.
ಕಳೆದರೆ ಯಾರಾದರೂ ಫೋನು ಮಾಡಲಿ ಅಂತ.
ಆರು ವರ್ಷ ಯಾರೂ ಮಾಡಿರಲಿಲ್ಲ,
ಕಳೆದಿರಲಿಲ್ಲ ಒಂದೂ.

ಬೆಳಗಿನ ಪ್ಯಾಸೆಂಜರಿನಲ್ಲಿ ಬುಟ್ಟಿ ಒಯ್ದು
ತಮ್ಮ ರಾಯಚೂರಲ್ಲಿ ಬಿಟ್ಟರೆ
ಶಾಷಾವಲಿ ಇಲ್ಲಿ ಆದವಾನಿಯಲ್ಲಿ
ಪರಾತದ ತುಂಬ ನೀರಿಟ್ಟು ಬಗ್ಗಿ ಕೂರುತ್ತಿದ್ದ.
ಮೇಲೆ ನೋಡಿದರೆ ಕಣ್ಣು ಕುಕ್ಕುವ ಬಿಸಿಲು;
ನೀರಲ್ಲಿ ಮೊದಲು ಕಾಣುವುದು ಎಳ್ಳಿನಷ್ಟು ಚುಕ್ಕೆ,
ಆಮೇಲೆ ಜೋಳದ ಕಾಳು,
ಆಮೇಲೆ ಪಾರಿವಾಳ.
ತಮ್ಮ ಇನ್ನೂ ವಾಪಸಿನ ಟಿಕೇಟಿಗೆ ನಿಂತಿರುತ್ತಿದ್ದ.

ಯುಗಾದಿ ಮುಗಿದ ವಾರ
ನಮ್ಮ ಮಾಳಿಗೆಯ ಮೇಲೆ ಟವರು ನಿಂತಿತು.
ತಿಂಗಳಿಗೆ ಒಂಬತ್ತು ಸಾವಿರ. ಕಾಗದಕ್ಕೆ
ಹೆಬ್ಬೆಟ್ಟಲ್ಲ, ಸಹಿಯನ್ನೇ ಹಾಕಿದ್ದೇನೆ,
ಓದಿಯೇ.

ಶ್ರಾವಣದೊಳಗೆ ಏಳು ಹಕ್ಕಿ ಬರಲಿಲ್ಲ.
ಬಂದವೂ ಕೆಲವು ಗಾಣದೆತ್ತಿನ ಹಾಗೆ ಸುತ್ತಿ ಸುತ್ತಿ
ತಮ್ಮದೇ ಗೂಡಿನ ಮೇಲೆ ಹಾದು
ಗುರುತಿಲ್ಲದ ಮನೆ ದಾಟಿದ ಹಾಗೆ ಹೋಗಿಬಿಡುತ್ತಿದ್ದವು.

“ನಿಮ್ಮ ಕಂಬದ ಕೆಲಸ ಅಕ್ಕಾ,” ಅಂದ.
“ಕೋಟೆ ಗುಡ್ಡದಾಗ ಗಿಡುಗ ಐತಿ,” ಅಂದೆ.
“ಗಿಡುಗ ಹಿಡದ್ರ ಪುಕ್ಕ ಬೀಳ್ತಾವ.”
ನನಗೆ ಉತ್ತರ ಗೊತ್ತಿರಲಿಲ್ಲ.
ಕಂಪನಿಯ ಹುಡುಗನನ್ನು ಕೇಳಿದೆ. ಅವನು
ಕಾಗದದ ನಾಲ್ಕನೇ ಪುಟ ತೋರಿಸಿದ.
ಅದರಲ್ಲಿ ಮನುಷ್ಯರ ಬಗ್ಗೆ ಬರೆದಿತ್ತು.

ಅದೇ ಟವರಿನ ಮೂರನೇ ಅಡ್ಡಪಟ್ಟಿಯಲ್ಲಿ
ತಂತಿ ತುಂಡು, ಜಿನ್ನಿನ ಹತ್ತಿ ಅರಳೆ ತಂದು
ಕಾಗೆ ಗೂಡು ಕಟ್ಟಿದೆ. ಮರಿಗಳು ಚೆನ್ನಾಗಿವೆ.
ಇದನ್ನು ಶಾಷಾವಲಿಗೆ ಹೇಳಿಲ್ಲ.

ನಿನ್ನೆ ಮಧ್ಯಾಹ್ನ ಮೆಟ್ಟಿಲಲ್ಲಿ ದಡದಡ.
ಚಪ್ಪಲಿ ಬಿಡದೆ ಓಡಿಬಂದ, ಫೋನು ಎತ್ತಿ ಹಿಡಿದು.
ಎಮ್ಮಿಗನೂರಿನ ಯಾರೋ; ನೀರಿನ ಟ್ಯಾಂಕಿನ ಮೇಲೆ
ಬೂದು ಹಕ್ಕಿಯಂತೆ, ಹಿಡಿದು ನಂಬರು ಓದಿದನಂತೆ,
ಬಿಟ್ಟರೂ ಹೋಗುತ್ತಿಲ್ಲವಂತೆ.
ಅವನ ಕಲ್ಲುಗೋಡೆಯೊಳಗೆ ಮಾತು ತುಂಡುತುಂಡು;
ಇಲ್ಲಿ, ಟವರಿನ ಬುಡದಲ್ಲಿ, ಸ್ಪಷ್ಟ.

“ಸ್ಪೀಕರು ಹಾಕಿ ಹತ್ರ ಹಿಡೀರಿ ಅಣ್ಣಾ,” ಅಂದು
ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದ.
ನಾನು ಬಟ್ಟೆ ಹಿಂಡುವುದು ನಿಲ್ಲಿಸಿದೆ.
ಮತ್ತೊಮ್ಮೆ.
ಆ ಕಡೆಯಿಂದ: “ಕತ್ತು ತಿರುಗಿಸ್ತು.”
ಆಮೇಲೆ: “ಫೋನಿನ ಸುತ್ತ ತಿರಗಾಕ ಹತ್ತೈತಿ.”

ಮೇಲೆ ಕಾಗೆಮರಿಗಳು ಬಾಯಿ ತೆರೆದವು.
ನಾನು ಬೇಕೆಂದೇ ಬಕೆಟ್ಟು ಸದ್ದು ಮಾಡಿದೆ.