ಹುಳಿಯ ಹಿಡಿತ

ರಾನೌ ದಾಟಿದರೆ ಸಿಗುವ ಈ ಗುಡ್ಡದಲ್ಲಿ
ಭತ್ತ ತೆನೆ ಕಟ್ಟುವುದಿಲ್ಲ.
ಮಣ್ಣು ಕೆಂಪು, ಮಣ್ಣಿನೊಳಗೆ ನಿಕ್ಕಲ್.
ಬಿದ್ದ ಬೀಜ ಎರಡೆಲೆ ತೆಗೆದು,
ಹಳದಿಯಾಗಿ, ಸುಮ್ಮನಾಗುತ್ತದೆ.
ಆದರೂ ಒಂದು ಗಿಡವಿದೆ,
ಕಾಳ್ಗಿಚ್ಚು ಸುಟ್ಟ ಇಳಿಜಾರಿನಲ್ಲಿ,
ಕಡಿದಷ್ಟೂ ಚಿಗುರುವ ಹಠಮಾರಿ.
ತೊಗಟೆ ಕೆರೆದರೆ ಒಳಗೆ ಹಸಿರು,
ಎಲೆಯ ಹಸಿರಲ್ಲ,
ಬೆಳಗದೆ ಬಿಟ್ಟ ಚೆಂಬಿನ ಕಿಲುಬಿನ ಹಸಿರು.

ನನ್ನ ಕೆಲಸ ಇಷ್ಟೆ:
ಮದ್ದಿನಲ್ಲಿ ನೆನೆಸಿ ಒಣಗಿಸಿದ ಬಿಳಿ ಕಾಗದದ ಚೂರು,
ಅದರ ಮೇಲೆ ಕಿವುಚಿದ ಹಸಿ ಎಲೆ,
ಎಲೆಯ ಮೇಲೆ ನನ್ನ ಹೆಬ್ಬೆರಳು.
ಇಸೊ, ದುವೊ, ತೊಲು, ಎಣಿಸುತ್ತೇನೆ ನಮ್ಮ ಮಾತಿನಲ್ಲೇ.
ತೊಲು ಮುಗಿಯುವಷ್ಟರಲ್ಲಿ ಕಾಗದ
ಎಲೆಯಡಿಕೆ ಜಗಿದ ತುಟಿ.

ಡಾಕ್ಟರ್ ಫುಂಗ್ ಹೇಳುತ್ತಾರೆ:
ಲೋಹ ಇದೆ ಅನ್ನುವುದು ಅರ್ಧ ಮಾತು,
ಅದನ್ನು ಹಿಡಿದುಕೊಂಡವರು ಯಾರು, ಅದನ್ನು ಕೇಳು.
ಬಿಡಿ ನಿಕ್ಕಲ್ ಜೀವಕ್ಕೆ ಕೆಂಡ.
ಕೆಂಡವನ್ನು ಮಡಿಲಲ್ಲಿ ಕಟ್ಟಿಕೊಂಡೂ
ಸೀರೆ ಸುಡದೆ ನಿಂತಿದೆಯಲ್ಲ ಈ ಗಿಡ,
ಆ ಗಂಟು ಹಾಕಿದ ಕೈ ಯಾರದು?

ರಸ ಹಿಂಡಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು
ಬಸ್ಸಿನಲ್ಲಿ ತೊಡೆಯ ಮೇಲೆ ಹೊತ್ತು
ಕೋಟ ಕಿನಬಾಲು ತಲುಪಿದೆ.
ಅಲ್ಲೊಂದು ಯಂತ್ರ ಅಣುಗಳನ್ನು ತೂಗುತ್ತದೆ,
ಅಕ್ಕಸಾಲಿಗನಿಗಿಂತ ಸಂಶಯದಿಂದ.
ಪರದೆಯ ತುಂಬ ಗೆರೆಗಳ ಬಿದಿರುಮೆಳೆ.
ಅದರಲ್ಲಿ ಒಂದು ಜೋಡಿ ಹುಡುಕಬೇಕು:
ಎತ್ತರದ್ದೊಂದು, ಎರಡೇ ಹೆಜ್ಜೆ ಆಚೆ ಗಿಡ್ಡದ್ದೊಂದು.
ನಿಕ್ಕಲ್ ಹುಟ್ಟಿದ್ದೇ ಹಾಗೆ, ಬಹುಪಾಲು ಎರಡು ತೂಕವಾಗಿ;
ಯಾರ ಕೈ ಹಿಡಿದು ಹೋದರೂ
ಹುಟ್ಟುಮಚ್ಚೆ ಬಿಟ್ಟು ಹೋಗುವುದಿಲ್ಲ.

ಮೂರನೆಯ ರಾತ್ರಿ ಸಿಕ್ಕಿತು.
ಹಿಡಿದದ್ದು ಅಪರೂಪದ ಯಾವ ಅಣುವೂ ಅಲ್ಲ,
ನಿಂಬೆಯ ಹುಳಿ.
ಹಿನವಾ ಮಾಡುವಾಗ ಹಸಿ ಮೀನಿನ ಮೇಲೆ
ಹಿಂಡುತ್ತೇವಲ್ಲ, ಅದೇ.
ನಗು ಬಂತು. ಸ್ವಲ್ಪ ನಿರಾಸೆಯೂ.

ಉಳಿದ ಚೂರುಗಳು ಜೇಬಿನಲ್ಲೇ ಮನೆಗೆ ಬಂದವು.
ಆಟಕ್ಕೆ, ಒಂದೊಂದು ಹನಿ ಅಮೋನಿಯ ಬಿಟ್ಟು ಒತ್ತಿದೆ:
ಹಿತ್ತಾಳೆಯ ಗಂಟೆ, ಬಿಳಿ.
ಬಾಗಿಲ ಚಿಲಕ, ಬಿಳಿ.
ಕಿಟಕಿಯಲ್ಲಿ ಬಿಚ್ಚಿಟ್ಟಿದ್ದ ಇನಾಳ ಓಲೆ,
ಅಪ್ಪ ತಾಮ್ರದ ಗಣಿಯ ಮೊದಲ ಸಂಬಳದಲ್ಲಿ
ತಾಮು ಸಂತೆಯಿಂದ ತಂದ ಬೆಳ್ಳಿಯ ಓಲೆ,
ಗುಲಾಬಿ.
ಇನ್ನೊಂದು ಚೂರು ತೆಗೆದೆ.
ಗುಲಾಬಿ.

ಇನಾ ಗೆಣಸು ಹೆರೆಯುತ್ತಿದ್ದಳು.
ನನ್ನ ಬೆರಳ ತುದಿಯ ಬಣ್ಣ ನೋಡಿದಳು.
“ಬೆಳ್ಳಿಯಲ್ಲ, ಅಲ್ಲವಾ?
ಮೂವತ್ತೊಂದು ವರ್ಷದ ಹಿಂದೆಯೇ ಕಿವಿ ಹೇಳಿತ್ತು.
ಮೊದಲ ವಾರವೇ ತುರಿಕೆ, ಆಮೇಲೆ ಕೀವು. ಅರಿಶಿನ ಹಚ್ಚಿದೆ.”
ಅಪ್ಪನಿಗೆ ಹೇಳಲಿಲ್ಲವಾ?
“ಏನಂತ ಹೇಳಲಿ?
ಅಂಗಡಿಯವ ಅವನಿಗೆ ಮೋಸ ಮಾಡಿದ ಅಂತಲಾ,
ಅವನು ನನಗೆ ಮಾಡಿದ ಅಂತಲಾ?
ಯಾವುದು ಅಂತ ಗೊತ್ತಾಗಲಿಲ್ಲ.”
ಗೆಣಸು ತಿರುಗಿಸಿದಳು. ಸಿಪ್ಪೆ ತುಂಡಾಗದೆ ಇಳಿಯಿತು.
“ಅದು ಗೊತ್ತಾಗುತ್ತದಾ, ನಿನ್ನ ಕಾಗದದಲ್ಲಿ?”

ಇಲ್ಲ ಅಂದೆ.
ಲೋಹ ಮಾತ್ರ.

ಭಾನುವಾರ ಚರ್ಚಿಗೆ ಹೊರಡುವಾಗ
ನನ್ನ ಉಗುರು ಬಳಿಯುವ ಸೀಸೆ ಕೇಳಿದಳು,
ಬಣ್ಣವಿಲ್ಲದ್ದು.
ಓಲೆಯ ಕೊಕ್ಕೆಗೆ ಎರಡು ಸಲ ಬಳಿದು, ಊದಿ,
ಬೆಳಕಿಗೆ ಹಿಡಿದು, ಹಾಕಿಕೊಂಡಳು.
ಅಂಗಳದಲ್ಲಿ ಅಪ್ಪ ಬೈಕು ಶುರುಮಾಡಿ
ಹೊತ್ತಾಯಿತು ಎಂದು ಕೂಗುತ್ತಿದ್ದ.

ವರದಿಯಲ್ಲಿ ಮಾದರಿಗಳ ಪಟ್ಟಿ
ನಲವತ್ತಕ್ಕೆ ಮುಗಿದಿದೆ.
ನಲವತ್ತೊಂದನೆಯ ಚೂರು
ನೋಟುಬುಕ್ಕಿನ ನಡುವೆ, ಹೆಸರು ಬರೆಯದೆ.
ಬಣ್ಣ ಇನ್ನೂ ಹೋಗಿಲ್ಲ.