ಇಪ್ಪತ್ತೆಂಟು

ಮೇಟಗಳ್ಳಿಯ ಆ ಶೆಡ್ಡಿನೊಳಗೆ ಕಾಲಿಟ್ಟರೆ ಸಾಕು,
ಸೀರೆಯ ಸೆರಗಿಗೆ ಮೂರು ದಿನ ಕೇದಗೆ.
ಸಹಕಾರಿ ಬ್ಯಾಂಕಿನ ಸಾಲದ ಕಡತ ಹಿಡಿದು
ಹನ್ನೊಂದು ವರ್ಷದಿಂದ ಇಂಥಲ್ಲಿಗೆಲ್ಲ ಹೋಗುತ್ತೇನೆ.
ಮಗಳು ಮೂಸಿಯೇ ಹೇಳುತ್ತಾಳೆ:
ನಿನ್ನೆ ಕಾಫಿ ಪುಡಿ, ಇವತ್ತು ಊದುಬತ್ತಿ.

ಲಾಭ ಎಷ್ಟೆಂದು ನಾನು ಮೊದಲು ಕೇಳುವುದಿಲ್ಲ.
ಲಾಭವನ್ನು ಯಾರು ಬೇಕಾದರೂ ಬರೆಯಬಹುದು,
ಶಾಯಿ ಇದ್ದರಾಯಿತು.
ಕಡ್ಡಿಗೆ, ಇದ್ದಿಲ ಪುಡಿಗೆ, ಜಿಗಟಿಗೆ ಅಂತ
ಗಲ್ಲಾ ಬಿಟ್ಟು ಹೊರಟ ರೂಪಾಯಿ
ಊರೆಲ್ಲ ಸುತ್ತಿ ಮನೆ ಸೇರಲು ಎಷ್ಟು ದಿನ?
ಗೋದಾಮಿನಲ್ಲಿ ಎಷ್ಟು ದಿನ ಮಲಗಿತ್ತು,
ಉದ್ರಿ ಅಂಗಡಿಯ ಮೆಟ್ಟಿಲ ಮೇಲೆ ಎಷ್ಟು ದಿನ ಕೂತಿತ್ತು,
ಎರಡನ್ನೂ ಕೂಡು.
ಕೊಡಬೇಕಾದವರನ್ನು ನೀನು ಕಾಯಿಸಿದ ದಿನ ಕಳೆ.
ಉಳಿದ ಅಂಕಿಯೇ ಯಜಮಾನನ ಜಾತಕ.
ಹಾಗಂತ ಕಲಿಸಿದವರು ಪುಟ್ಟಮಾದಯ್ಯನವರು,
ಈಗ ನಿವೃತ್ತರು:
"ಚಕ್ರ ಸಣ್ಣದಿದ್ದಷ್ಟೂ ಗಾಡಿ ಜಾಣನದ್ದು, ತಾಯಿ."

ಹಳೆಯ ಶೆಟ್ಟರ ಕಾಲಕ್ಕೆ ಎಪ್ಪತ್ತೊಂಬತ್ತು.
ನಾಗಭೂಷಣ ಶೆಟ್ಟರು ಇಲ್ಲ ಅನ್ನಲಾರದ ಮನುಷ್ಯ.
ಮದ್ದೂರಿನ ಪೂಜಾಸಾಮಾನಿನ ಅಂಗಡಿಯವ
ದೀಪಾವಳಿಯ ಮಾಲಿಗೆ ಶಿವರಾತ್ರಿಗೆ ಕೊಡುತ್ತಿದ್ದ,
ಅದೂ ಅರ್ಧ, ಜೊತೆಗೊಂದು ಪೊಟ್ಟಣ ವಡೆ.
ಈಗ ಅಳಿಯ ಪ್ರಮಥೇಶ. ಗಾಜಿನ ಕೋಣೆ.
"ಮೇಡಂ, ಇಪ್ಪತ್ತೆಂಟು!" ಅಂದ,
ಪರೀಕ್ಷೆಯ ಅಂಕ ಹೇಳುವ ಹುಡುಗನ ಹಾಗೆ.
ನಿಜಕ್ಕೂ ಖುಷಿಯಾಯಿತು. ಕಾಫಿ ಕುಡಿದೆ.

ಆಮೇಲೆ ಗೋದಾಮಿಗೆ ಹೋದೆ.
ಪೆಟ್ಟಿಗೆಗಳ ಮೇಲೆ ಧೂಳು, ಧೂಳಿಗೂ ಗಂಧ.
ಕಳೆದ ದಸರೆಯ ಮೊಹರಿನ ಮಲ್ಲಿಗೆ ಬತ್ತಿ
ಸೂರು ಮುಟ್ಟಿ ನಿಂತಿದೆ.
ಅರವತ್ತೆರಡಿದ್ದದ್ದು ಅರವತ್ತನಾಲ್ಕು.
ಉದ್ರಿ ಪುಸ್ತಕ: ನಲವತ್ತೆಂಟಿದ್ದದ್ದು ಐವತ್ತೊಂದು.
ಮದ್ದೂರಿನವ ಈಗ ವಡೆಯನ್ನೂ ತರುವುದಿಲ್ಲ.
ಹಾಗಾದರೆ ಚಕ್ರ ಸವೆದದ್ದು ಎಲ್ಲಿ?

ಮೂರನೆಯ ಸಾಲು. ಮೂವತ್ತೊಂದಿದ್ದದ್ದು ಎಂಬತ್ತೇಳು.

ಒಂದೊಂದೇ ಹೆಸರು ಬಿಡಿಸುತ್ತ ಹೋದೆ.
ಕನೌಜಿನ ಅತ್ತರಿನವನಿಗೆ ಮುಂಗಡ;
ಅವನು ಮುನಿದರೆ ಬತ್ತಿ ಬರೀ ಕಡ್ಡಿ.
ಬಿದಿರಿನವನಿಗೆ ಹತ್ತು ದಿನ;
ಅವನ ಲಾರಿ ಗೇಟಿಗೆ ಅಡ್ಡ ನಿಲ್ಲಬಲ್ಲದು.
ಆಮೇಲೆ ಸಣ್ಣಕ್ಷರದಲ್ಲಿ, ಪುಟ ತುಂಬ,
ಕೆಸರೆಯಲ್ಲಿ, ಶಾಂತಿನಗರದಲ್ಲಿ, ಗೌಸಿಯಾನಗರದಲ್ಲಿ
ಮಡಿಲ ಮುಂದೆ ಮಣೆಯಿಟ್ಟು ಬತ್ತಿ ಹೊಸೆಯುವವರು.
ಮೆಹರುನ್ನೀಸಾ, ನೂರ ಹದಿನಾಲ್ಕು ದಿನ.
ಸಣ್ಣತಾಯಮ್ಮ, ನೂರ ಹದಿನಾಲ್ಕು.
ರಿಹಾನಾ ಬಾನು, ನೂರ ಇಪ್ಪತ್ತು,
ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ: ಜಗಳಗಂಟಿ.

ಗೇಟಿನ ಬಳಿ ಒಬ್ಬಾಕೆ ನಿಂತಿದ್ದಳು.
ಬೆರಳ ಸಂದಿಯ ಕಪ್ಪು ಸೋಪಿಗೆ ಹೋಗುವಂಥದ್ದಲ್ಲ.
"ಏನಂತಾರಮ್ಮ?"
"ನಾಳೆ ಬಾ ಅಂತಾರೆ."

ಚಿಕ್ಕಂದಿನಲ್ಲಿ ನಮ್ಮ ಬೀದಿಯ ಕದಗಳ ಮೇಲೆ
ಸುಣ್ಣದಲ್ಲಿ ಬರೆದಿರುತ್ತಿತ್ತು ಅದೇ ಮಾತು,
ರಾತ್ರಿ ಹೆಸರು ಹಿಡಿದು ಕೂಗುವ ದೆವ್ವ
ಓದಿಕೊಂಡು ಹಿಂದಿರುಗಲಿ ಎಂದು.
ದೆವ್ವಕ್ಕೆ ಕನ್ನಡ ಬರುತ್ತದೆಂದು ನಂಬಿದ್ದೆವು.
ಈಕೆಗೂ ಬರುತ್ತದೆ. ಲೆಕ್ಕವೂ ಬರುತ್ತದೆ:
ಸಾವಿರ ಬತ್ತಿಗೆ ಇಷ್ಟು, ವಾರಕ್ಕೆ ಇಷ್ಟು, ಒಟ್ಟು ಇಷ್ಟು,
ನನ್ನ ಕ್ಯಾಲ್ಕುಲೇಟರು ಚೀಲದಿಂದ ಹೊರಬರುವ ಮೊದಲೇ.

ಚಕ್ರ ಸಣ್ಣದಾಗಿಲ್ಲ.
ಅದರ ಉಳಿದ ಸುತ್ತು ಈಕೆಯ ಅಕ್ಕಿಡಬ್ಬದ ಮೇಲೆ ಹಾಯುತ್ತಿದೆ.
ನಮ್ಮ ಬ್ಯಾಂಕು ನೂರಕ್ಕೆ ಹನ್ನೆರಡು ಕೇಳುತ್ತದೆ.
ಈಕೆ ಬಡ್ಡಿಯಿಲ್ಲದೆ ಕೊಟ್ಟಿದ್ದಾಳೆ,
ತಾನು ಕೊಟ್ಟೆನೆಂಬುದೂ ಗೊತ್ತಿಲ್ಲದೆ.

ಬಸ್ಸಿನಲ್ಲಿ ಪುಟ್ಟಮಾದಯ್ಯನವರಿಗೆ ಫೋನು ಮಾಡಿದೆ.
"ಕಳೆ ಅಂದಿರಿ ಸಾರ್,
ಯಾರ ದಿನಗಳನ್ನು ಅಂತ ಹೇಳಲಿಲ್ಲ."
ಅವರಿಗೆ ಕಿವಿ ಮಂದ. "ಮಳೆಯಾ? ಇಲ್ಲಿ ಇಲ್ಲ" ಅಂದರು.

ರಾತ್ರಿ ನಮೂನೆ ತುಂಬಲು ಕೂತೆ.
ಆಡಳಿತದ ಸಾಮರ್ಥ್ಯ: ಒಂದೂವರೆ ಅಂಗುಲ ಜಾಗ.
ಇಪ್ಪತ್ತೆಂಟು ಎಂದು ಬರೆದೆ. ಸುಳ್ಳಲ್ಲ.
ಅದರ ಕೆಳಗೆ, ಚೌಕದ ಗೆರೆ ದಾಟಿ,
ನೂರ ಹದಿನಾಲ್ಕು.

ಮಗಳು ಬಂದು ಸೆರಗು ಮೂಸಿದಳು.
"ಕೇದಗೆ. ಇನ್ನೇನೋ ಇದೆಯಲ್ಲ."
"ಇದ್ದಿಲು" ಅಂದೆ.